ಅಪ್ಪನಿಗೆ ಕೇಳದೆ ಹೋದ ಸದ್ದು

ನಮ್ಮ ಮನೆಯ ಕೊಟ್ಟಿಗೆಯಲ್ಲಿ ದನಗಳಿರಲಿಲ್ಲ, ಕಾರಿತ್ತು. ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಮಣ್ಣಿನ ಮಾಳಿಗೆ ಮನೆ ಅದು. ಬೀದಿಗೆ ತೆರೆದುಕೊಂಡ ಮೊದಲ ಅಂಕಣವೇ ಕೊಟ್ಟಿಗೆ. ಅದನ್ನು ದಾಟಿದರೆ ನಡುಮನೆ, ಎಡಕ್ಕೆ ಅಡುಗೆಮನೆ, ಬಲಕ್ಕೆ ದೇವರ ಗೂಡಿದ್ದ ಕತ್ತಲೆ ಕೋಣೆ. ತಾತನ ಕಾಲದ ಎತ್ತುಗಳು ಹೋದ ಮೇಲೆ ಅಪ್ಪ ಬಾಗಿಲು ಅಗಲ ಮಾಡಿಸಿ, ಯಾರೋ ಬಳಸಿ ಬಿಟ್ಟಿದ್ದ ದುಂಡು ಬೆನ್ನಿನ ಕಪ್ಪು ಕಾರೊಂದನ್ನು ತಂದು ಅಲ್ಲಿ ನಿಲ್ಲಿಸಿದ್ದ. ಮದುವೆ ದಿಬ್ಬಣ, ಆಸ್ಪತ್ರೆ, ಮಠದ ಕಾರ್ಯಕ್ರಮ, ಯಾವುದಕ್ಕೆ ಬಾಡಿಗೆ ಬಂದರೂ ಹೋಗುತ್ತಿತ್ತು. ಗೋದಲಿಯಲ್ಲಿ ಹುಲ್ಲಿನ ಬದಲು ಸ್ಪ್ಯಾನರು, ಹಳೇ ಪ್ಲಗ್ಗು, ಉಪ್ಪುಕಾಗದದ ತುಂಡುಗಳು ಬಿದ್ದಿರುತ್ತಿದ್ದವು. ಮಳೆ ಬಂದ ದಿನ ನೆಲದೊಳಗಿಂದ ಹಳೇ ಸಗಣಿಯ ವಾಸನೆ ಎದ್ದು ಪೆಟ್ರೋಲಿನ ವಾಸನೆಯ ಜೊತೆ ಸೇರಿ ನಡುಮನೆಗೆಲ್ಲ ತುಂಬುತ್ತಿತ್ತು. ಅಪ್ಪ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅದೇ ವಿಭೂತಿಯನ್ನು ಬಾನೆಟ್ಟಿಗೂ ಒಂದು ಸಲ ಎಳೆದು ಸ್ಟಾರ್ಟರ್ ಗುಂಡಿ ಎಳೆಯುತ್ತಿದ್ದ. ಆ ಹೊತ್ತಿಗೆ ಮನೆಯೇ ಉಸಿರು ಹಿಡಿಯುತ್ತಿತ್ತು. ಅಜ್ಜಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸುತ್ತಿದ್ದಳು, ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ಗಾಡಿ ಗುರ್ರೆಂದು ಹಿಡಿದುಕೊಂಡಿತೋ, ಕುಟ್ಟಾಣಿಯೂ ರೊಟ್ಟಿಯೂ ಒಟ್ಟಿಗೇ ಶುರುವಾಗುತ್ತಿದ್ದವು.

ಅಪ್ಪನ ತಮ್ಮ, ನನ್ನ ಓಂಕಾರಿ ಚಿಕ್ಕಪ್ಪ, ಬೋರ್ಡು ಬರೆಯುವವನು. ಹೊಳಲ್ಕೆರೆ ಪೇಟೆಯ ಅಂಗಡಿಗಳ ಹೆಸರೆಲ್ಲ ಅವನ ಕೈಯಿಂದ ಬಂದವು. ಹೊಸದುರ್ಗಕ್ಕೆ, ದುರ್ಗಕ್ಕೆ ಓಡುತ್ತಿದ್ದ ಬಸ್ಸುಗಳ ಹಣೆಯ ಮೇಲಿನ ಊರುಗಳೂ ಅವನವೇ. ನಡುಮನೆಯ ಕಿಟಕಿಯ ಕೆಳಗೆ ತಗಡಿನ ಹಲಗೆ ಒರಗಿಸಿಕೊಂಡು, ಕಿರುಬೆರಳನ್ನು ಹಲಗೆಗೆ ಊರಿ, ಉಸಿರು ಬಿಗಿಹಿಡಿದು 'ಳ' ಅಕ್ಷರದ ಸುಳಿಯನ್ನು ಒಂದೇ ಎಳೆತದಲ್ಲಿ ತಿರುಗಿಸುತ್ತಿದ್ದ. ನಾನು ಅಕ್ಷರ ಕಲಿತದ್ದು ಶಾಲೆಯಲ್ಲಲ್ಲ, ಅವನ ಮಂಡಿಯ ಪಕ್ಕದಲ್ಲಿ. ಅಪ್ಪನಿಗಿಂತ ತುಂಬ ಚಿಕ್ಕವನು. ತಾತ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುವ ಹುಡುಗನಂತೆ. ಅಪ್ಪನೇ ಹೆಗಲ ಮೇಲೆ ಹೊತ್ತು ಬೆಳೆಸಿದ್ದು. ಊಟಕ್ಕೆ ಕೂತರೆ ಅಣ್ಣ ತಮ್ಮ ಅಕ್ಕಪಕ್ಕ. ಅಪ್ಪನ ತಟ್ಟೆಯಿಂದ ಬೆಣ್ಣೆ ಕದಿಯುವುದು ಚಿಕ್ಕಪ್ಪನ ದಿನದ ಕೆಲಸ. ಅಪ್ಪ ಅದನ್ನು ಕಾಣದವನಂತೆ ಮುದ್ದೆ ಮುರಿಯುತ್ತಿದ್ದ. ಜಗಳವೂ ಇತ್ತು. ಟರ್ಪೆಂಟೈನ್ ಡಬ್ಬಿಯನ್ನು ಕಾರಿನ ಪಕ್ಕ ಇಟ್ಟಿದ್ದಕ್ಕೆ, ಗಾಡಿ ಒರೆಸುವ ಬಟ್ಟೆಯಲ್ಲಿ ಬ್ರಷ್ಷು ಒರೆಸಿದ್ದಕ್ಕೆ, ಎಲ್ಲಕ್ಕೂ ಕೂಗಾಡುತ್ತಿದ್ದರು. ಸಂಜೆ ಚಿಕ್ಕಪ್ಪ ಪೇಟೆಯಿಂದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದರೆ ಅಪ್ಪನಿಗೆ ಬೆಳಗಿನ ಜಗಳ ನೆನಪೇ ಇರುತ್ತಿರಲಿಲ್ಲ.

ಕೆಲವು ಭಾನುವಾರಗಳಂದು ಅಪ್ಪ ಟೈಮಿಂಗ್ ನೋಡುತ್ತಿದ್ದ. ಎಂಜಿನ್ನಿನೊಳಗೆ ಪೆಟ್ರೋಲಿಗೆ ಕಿಡಿ ಹತ್ತಬೇಕಾದದ್ದು ಒಂದು ಸರಿಯಾದ ಗಳಿಗೆಯಲ್ಲಿ. ತಡವಾದರೆ ಗಾಡಿ ಸೊರಗುತ್ತದೆ. ತೀರಾ ಬೇಗ ಹತ್ತಿದರೆ, ಮೇಲೇರುತ್ತಿರುವ ಪಿಸ್ಟನ್ನನ್ನು ನಡುದಾರಿಯಲ್ಲೇ ಹಿಂದಕ್ಕೆ ಒದೆಯುತ್ತದೆ. ಆ ಗಳಿಗೆ ಹೊಂದಿಸುವುದಕ್ಕೆ ಟೈಮಿಂಗ್ ಅನ್ನುತ್ತಿದ್ದರು. ನಾಲ್ಕು ಪ್ಲಗ್ಗುಗಳಿಗೂ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎಂಬ ಡಬ್ಬಿಯ ಬೋಲ್ಟು ಸಡಿಲಿಸಿ, ಓಡುವ ಎಂಜಿನ್ನಿನ ಮೇಲೆ ಬಾಗಿ, ಅಪ್ಪ ಅದನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ತಿರುಗಿಸಿದಂತೆ ಎಂಜಿನ್ನಿಗೆ ಹುರುಪು ಬರುತ್ತದೆ. ಹುರುಪು ಬಂತೆಂದು ಇನ್ನೂ ತಿರುಗಿಸಿದರೆ, ಗಾಡಿ ಏರು ಹತ್ತುವಾಗ ಒಳಗಿಂದ ಸಣ್ಣಗೆ ಕಿಣಿಕಿಣಿ ಸದ್ದು ಬರುತ್ತದೆ, ಗೋಲಿಗಳನ್ನು ಡಬ್ಬಿಯಲ್ಲಿ ಹಾಕಿ ಕುಲುಕಿದ ಹಾಗೆ. ಅದು ಕೇಳಿದ ಕೂಡಲೇ ಒಂದಿಷ್ಟು ಹಿಂದಕ್ಕೆ ತರಬೇಕು. ಬೇರೆ ಡ್ರೈವರುಗಳು ಇದಕ್ಕೆ ದುರ್ಗದ ಗ್ಯಾರೇಜಿಗೆ ಹೋಗುತ್ತಿದ್ದರು. ಅಪ್ಪ ಕಿವಿಯಲ್ಲೇ ಹೊಂದಿಸುತ್ತಿದ್ದ. ಹೊಸದುರ್ಗದಿಂದಲೂ ಡ್ರೈವರುಗಳು ಬಂದು, 'ತಿಪ್ಪಣ್ಣ, ನಮ್ದೂ ಒಂಚೂರು ಕೇಳಿ ಕೊಡಪ್ಪ' ಅನ್ನುತ್ತಿದ್ದರು. 'ನೋಡಿ ಕೊಡು' ಅಲ್ಲ, 'ಕೇಳಿ ಕೊಡು'. ಅಪ್ಪನಿಗೆ ಅದು ಹೆಮ್ಮೆ.

ಸ್ಟಾರ್ಟರಿನ ತೊಂದರೆ ಶುರುವಾದದ್ದು ಒಂದು ಬೇಸಿಗೆಯಲ್ಲಿ. ಬೆಳಿಗ್ಗೆ ತಣ್ಣಗಿದ್ದಾಗ ಗಾಡಿ ಹೇಗೋ ಹೊರಡುತ್ತಿತ್ತು. ಓಡಿ ಬಂದು ಬಿಸಿಯಾದ ಮೇಲೆ ಗುಂಡಿ ಎಳೆದರೆ 'ಕಟಕ್' ಎಂದು ಅರ್ಧ ಸುತ್ತಿಗೇ ನಿಂತುಬಿಡುತ್ತಿತ್ತು, ಒಳಗಿಂದ ಯಾರೋ ಕೈ ಹಿಡಿದು ಜಗ್ಗಿದಂತೆ. ಅಪ್ಪ ಮೊದಲು ಬ್ಯಾಟರಿಯ ಮೇಲೆ ಅನುಮಾನಪಟ್ಟು, ಅದರ ಕಂಬಗಳಿಗೆ ಹತ್ತಿದ್ದ ಬಿಳಿ ಹೂವಿನಂಥ ಕಿಲುಬನ್ನು ಬಿಸಿನೀರು ಹುಯ್ದು ತೊಳೆದ. ಎಂಜಿನ್ನಿಂದ ಗಾಡಿಯ ಚಾಸಿಗೆ ಕರೆಂಟು ಒಯ್ಯುವ ಅರ್ತಿಂಗ್ ಪಟ್ಟಿ ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿದ. ಸ್ಟಾರ್ಟರ್ ಮೋಟರನ್ನೇ ಇಳಿಸಿ ನಡುಮನೆಯ ಗೋಣಿಚೀಲದ ಮೇಲೆ ಬಿಡಿಸಿಟ್ಟ. ಅವ್ವ ತಿಂಗಳುಗಟ್ಟಲೆ ಆ ಜಾಗದ ಗ್ರೀಸು ತಿಕ್ಕಿದಳು. ಕಾರ್ಬನ್ ಬ್ರಷ್ಷು ಹೊಸದು ಹಾಕಿದ, ತಂತಿ ಸುತ್ತಿಸಲು ದುರ್ಗಕ್ಕೆ ಒಯ್ದ. ಪ್ರತಿಸಲ ಎರಡು ದಿನ ಸರಿ, ಆಮೇಲೆ ಮತ್ತೆ ಅದೇ ಕಟಕ್. ಕೊನೆಗೊಂದು ದಿನ ಸ್ಟಾರ್ಟರಿನ ಹಲ್ಲೇ ಮುರಿದು ಬಿತ್ತು. ಅಪ್ಪ ಆ ಕಬ್ಬಿಣದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಹೊಸ ಹಲ್ಲುಚಕ್ರ ಹಾಕಿಸಿದ ಮೇಲೂ ರೋಗ ಹೋಗಲಿಲ್ಲ. ಟೈಮಿಂಗ್ ಬಗ್ಗೆ ಅವನಿಗೆ ಅನುಮಾನವೇ ಬರಲಿಲ್ಲ. ಅದು ಅವನ ಕಿವಿಯಿಂದ ಆದ ಕೆಲಸ.

ಆ ದಿನಗಳಲ್ಲೇ ಒಂದು ಭಾನುವಾರ ಎಲ್ಲರೂ ಬುತ್ತಿ ಕಟ್ಟಿಕೊಂಡು ಜೋಗಿಮಟ್ಟಿ ಗುಡ್ಡಕ್ಕೆ ಹೋದೆವು. ಏರು ಶುರುವಾದದ್ದೇ ಬಾನೆಟ್ಟಿನೊಳಗಿಂದ ಕಿಣಿಕಿಣಿ ಶುರುವಾಯಿತು. ಹಿಂದಿನ ಸೀಟಿನಲ್ಲಿದ್ದ ನನಗೂ ಕೇಳಿಸುತ್ತಿತ್ತು. ಮುಂದೆ ಕೂತಿದ್ದ ಚಿಕ್ಕಪ್ಪ ತಿರುಗಿ ಕೇಳಿದ.

"ಅಣ್ಣಾ, ಎಂಜಿನ್ನು ಬಡೀತೈತಲ್ಲ?"

"ಹ್ಞಾ?"

"ಬಡೀತೈತಲ್ಲ ಅಂದೆ. ಕಿಣಿಕಿಣಿ ಅಂತೈತೆ."

"ಎಲ್ಲಿ ಬಡೀತೈತಲೇ? ಬೆಣ್ಣೆ ಇದ್ದಂಗೆ ಹೋಗ್ತೈತೆ. ನೀನು ಬೋರ್ಡ್ ಬರಿ ಹೋಗು."

ಚಿಕ್ಕಪ್ಪ ನಕ್ಕ. ಹಿಂದೆ ನನ್ನ ಪಕ್ಕ ಕೂತಿದ್ದ ಅವ್ವ ನಗಲಿಲ್ಲ. ಅಪ್ಪನ ತಲೆಯ ಹಿಂಭಾಗವನ್ನೇ ನೋಡುತ್ತಿದ್ದಳು.

ಅವ್ವ ಮೆಲುದನಿಯವಳು. ಅಡುಗೆಮನೆಯಲ್ಲಿ ಅವಳು ಆಡಿದ ಮಾತು ನಡುಮನೆಗೆ ಬರುತ್ತಿರಲಿಲ್ಲ. ಅಂಥವಳು ಆ ವರ್ಷ ಕಿರುಚಲು ಶುರುಮಾಡಿದಳು. 'ರೀ, ಊಟಕ್ಕೆ ಬರ್ರೀ' ಎಂದು ಅವಳು ಕರೆದರೆ ಓಣಿಯ ಆ ತುದಿಯವರೆಗೂ ಹೋಗುತ್ತಿತ್ತು. ಬಾಡಿಗೆಗೆ ಕರೆಯಲು ಬಂದವರು ಹೊಸ್ತಿಲಲ್ಲಿ ನಿಂತು ಏನೋ ಹೇಳಿದರೆ, ಅಪ್ಪ ಉತ್ತರ ಕೊಡುವ ಮುಂಚೆಯೇ ನಡುವೆ ಬಂದು, 'ನಾಳೆ ಮತ್ತೋಡಿಗೆ ಬಾಡಿಗೆಯಂತೆ ಕಣ್ರೀ, ಒಂಬತ್ತಕ್ಕೆ ಬರಬೇಕಂತೆ!' ಎಂದು ಗದರುವವಳಂತೆ ಕೂಗುತ್ತಿದ್ದಳು. ಓಣಿಯ ಹೆಂಗಸರು ನಲ್ಲಿಯ ಹತ್ತಿರ ಆಡಿಕೊಂಡರು, ತಿಪ್ಪಣ್ಣನ ಹೆಂಡತಿಗೆ ಬಾಯಿ ಬಂದೈತೆ, ಗಂಡನನ್ನು ಆಳಿನಂಗೆ ಮಾಡಿದಾಳೆ ಅಂತ. ಅಜ್ಜಿ ಒಂದು ದಿನ ಎಲ್ಲರೆದುರಿಗೇ ಅವಳನ್ನು ಗಯ್ಯಾಳಿ ಎಂದು ಬೈದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು. ನನಗೂ ಅವಳ ಮೇಲೆ ಸಿಟ್ಟಿತ್ತು. ಶಾಲೆಯಲ್ಲಿ ಹುಡುಗಿಯರು ಅವಳ ಕೂಗನ್ನು ಅಣಕಿಸುತ್ತಿದ್ದರು.

ಅದೇ ವರ್ಷ ಒಂದು ದಿನ ರಾಮಗಿರಿ ಸ್ಟೇಷನ್ನಿಗೆ ಬರುವ ಬೀಗರನ್ನು ಕರೆತರುವ ಬಾಡಿಗೆ ಇತ್ತು. ಅಪ್ಪ ಆಗತಾನೇ ಹೊಸದುರ್ಗದಿಂದ ಬಂದು ಅವಸರದಲ್ಲಿ ಎರಡು ತುತ್ತು ತಿಂದು ಎದ್ದಿದ್ದ. ಮಟಮಟ ಮಧ್ಯಾಹ್ನ. ಮನೆಯ ಮುಂದೆ ಗಾಡಿ ಕಾದ ಹೆಂಚಿನಂತಿತ್ತು. ಗುಂಡಿ ಎಳೆದರೆ ಕಟಕ್. ಇನ್ನೊಮ್ಮೆ ಕಟಕ್. ಅಪ್ಪ ಕೀ ಆಫ್ ಮಾಡಿದ. ಕರೆಯಲು ಬಂದಿದ್ದ, ಮದುವೆ ಹುಡುಗಿಯ ಸೋದರಮಾವ ಗಡಿಯಾರ ನೋಡಿಕೊಳ್ಳುತ್ತಿದ್ದ. ಬೋರ್ಡು ಬರೆಯುತ್ತಿದ್ದ ಚಿಕ್ಕಪ್ಪ ಬ್ರಷ್ಷನ್ನು ಡಬ್ಬಿಯಲ್ಲಿಟ್ಟು, 'ಹ್ಯಾಂಡಲ್ ಹೊಡೀತೀನಿ ತಡಿ' ಅನ್ನುತ್ತ ಹೊರಗೆ ಬಂದ. ಕಾರಿನ ಮೂತಿಯ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದಲೇ ಎಂಜಿನ್ನು ತಿರುಗಿಸುವುದು. ಅವನಿಗೆ ಅದು ಹೊಸದೇನಲ್ಲ. ಮೊದಲು ಕೀ ಆಫ್ ಮಾಡಿ ಎರಡು ಸುತ್ತು ಸುಮ್ಮನೆ ತಿರುಗಿಸಿ, ಎಂಜಿನ್ನಿನ ಬಿಗಿ ನೋಡಿಕೊಂಡು, ಆಮೇಲೆ ಕೀ ಆನ್ ಮಾಡಿಸಿ ಒಂದೇ ಜಗ್ಗು ಜಗ್ಗುತ್ತಿದ್ದ. ಅವತ್ತೂ ಹಾಗೇ ಮೂತಿಯ ಮುಂದೆ ಬಗ್ಗಿ ಕೂಗಿದ.

"ಅಣ್ಣಾ, ಆಫ್ ಮಾಡು!"

ಒಳಗೆ ಕೂತಿದ್ದ ಅಪ್ಪ ತಲೆಯಾಡಿಸಿ ಕೀ ತಿರುಗಿಸಿದ. ಆನ್ ಕಡೆಗೆ.

ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಚಿಕ್ಕಪ್ಪ ಸುಮ್ಮನೆ ತಿರುಗಿಸುವುದೆಂದು ಹಗುರಾಗಿ, ಅರ್ಧ ನನ್ನ ಕಡೆ ನೋಡಿಕೊಂಡು ಹ್ಯಾಂಡಲ್ ಮೇಲೆ ಭಾರ ಬಿಟ್ಟ. ಎಂಜಿನ್ನು ಒಮ್ಮೆ ಕೆಮ್ಮಿತು. ಹ್ಯಾಂಡಲ್ ಉಲ್ಟಾ ಹೊಡೆಯಿತು. ಒಣಗಿದ ಸೌದೆ ಮುರಿದಂಥ ಸದ್ದು ಮೊದಲು ಬಂತು, ಚಿಕ್ಕಪ್ಪನ ಕೂಗು ಆಮೇಲೆ. ಅವನು ನೆಲದ ಮೇಲೆ ಕೂತಿದ್ದ. ಬಲಗೈ ಮಣಿಕಟ್ಟಿನ ಹತ್ತಿರ ಬೇರೆಯೇ ದಿಕ್ಕಿಗೆ ತಿರುಗಿತ್ತು.

ದುರ್ಗದ ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು. ಕಟ್ಟು ಬಿಚ್ಚಿದ ಮೇಲೆ ಮೂಳೆ ಕೂಡಿತ್ತು, ಆದರೆ ಮಣಿಕಟ್ಟು ತಿರುಗುತ್ತಿರಲಿಲ್ಲ. ಬ್ರಷ್ಷು ಹಿಡಿದರೆ ಬೆರಳು ನಡುಗುತ್ತಿದ್ದವು. ನಡುಮನೆಯಲ್ಲಿ ಕೂತು ಅವನು ತಗಡಿನ ಮೇಲೆ ಗೆರೆ ಎಳೆಯುವುದು, ಬಟ್ಟೆಯಿಂದ ಒರೆಸುವುದು, ಮತ್ತೆ ಎಳೆಯುವುದು. ಅಪ್ಪ ಕೊಟ್ಟಿಗೆಯಲ್ಲೇ ಉಣ್ಣತೊಡಗಿದ. ಒಂದು ಮಧ್ಯಾಹ್ನ ಚಿಕ್ಕಪ್ಪ ಎದ್ದು ಅಲ್ಲಿಗೇ ಹೋಗಿ ಅಪ್ಪನ ಮುಂದೆ ನಿಂತ.

"ಅಣ್ಣಾ, ನಾನು ಆಫ್ ಮಾಡು ಅಂದೆ. ನೀನ್ಯಾಕೆ ಆನ್ ಮಾಡಿದೆ? ಅದೊಂದು ಹೇಳು ಸಾಕು."

"ನೀನೇ ಆನ್ ಅಂದೆ."

"ಅಣ್ಣಾ..."

"ಆನ್ ಅಂದೆ ಕಣಲೇ! ನಾನ್ಯಾಕೆ ಸುಳ್ಳು ಹೇಳ್ಲಿ?"

"ಓಣಿಯೋರೆಲ್ಲ ಕೇಳಿಸ್ಕೊಂಡಾರೆ. ಅತ್ಗೆಮ್ಮ, ನೀವಾದ್ರೂ ಹೇಳ್ರಿ. ನಾನು ಏನಂದೆ?"

ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಅವಳತ್ತ ನೋಡಿದ. ಅವನು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅವ್ವ ತಲೆ ತಗ್ಗಿಸಿ ಒಳಗೆ ಹೋದಳು.

"ಆಯ್ತು ಬಿಡು," ಅಂದ ಚಿಕ್ಕಪ್ಪ. "ಕೈ ಹೋದದ್ದಕ್ಕೆ ನಂಗೆ ದುಃಖ ಇಲ್ಲ. ತಪ್ಪಾಯ್ತು ಕಣೋ ಅಂತ ಒಂದು ಮಾತು ನಿನ್ನ ಬಾಯಲ್ಲಿ ಬರ್ಲಿಲ್ಲ ನೋಡು."

ಮರುದಿನ ಟ್ರಂಕು ಹಿಡಿದು ಹಿರಿಯೂರಿಗೆ ಹೊರಟ. ಅಲ್ಲಿ ಗೆಳೆಯನೊಬ್ಬನ ಪೇಂಟಿನ ಅಂಗಡಿಯಲ್ಲಿ ಬಣ್ಣದ ಡಬ್ಬ ಮಾರುವ ಕೆಲಸ. ಅಜ್ಜಿಯ ಕಾಲು ಮುಟ್ಟಿದ, ನನ್ನ ತಲೆ ಸವರಿದ, ಕೊಟ್ಟಿಗೆಯನ್ನು ದಾಟುವಾಗ ಅಪ್ಪನ ಕಡೆ ತಿರುಗಲಿಲ್ಲ. ಕಿರಿಮಗ ಮನೆ ಬಿಟ್ಟ ಮೇಲೆ ಅಜ್ಜಿ ಅಪ್ಪನೊಡನೆ ಮಾತು ಬಿಟ್ಟಳು. ಮರುವರ್ಷ ಹಾಗೆಯೇ ತೀರಿಕೊಂಡಳು. ಮಣ್ಣಿಗೆ ಬಂದ ಚಿಕ್ಕಪ್ಪ ಗುಂಡಿಯ ಆಚೆ ಬದಿ ನಿಂತು, ಮಣ್ಣು ಹಾಕಿ, ಅಲ್ಲಿಂದಲೇ ಬಸ್ಸು ಹತ್ತಿದ.

ಅದಾದ ಮೇಲೆ ಅಪ್ಪ ಗಾಡಿಯನ್ನು ದುರ್ಗದ ಗ್ಯಾರೇಜಿಗೆ ತೆಗೆದುಕೊಂಡು ಹೋದ. ಜೊತೆಗೆ ಹೋಗೆಂದು ಅವ್ವ ನನ್ನನ್ನು ಅವತ್ತು ಶಾಲೆ ತಪ್ಪಿಸಿ ಕಳಿಸಿದಳು. ಮೆಕ್ಯಾನಿಕ್ ಸಾಬರು ಅಪ್ಪನ ಹಳೇ ಪರಿಚಯ. ಒಂದು ಸಣ್ಣ ಬಲ್ಬಿಗೆ ಎರಡು ತಂತಿ ಕಟ್ಟಿ, ಎಂಜಿನ್ನಿನ ಮುಂದಿನ, ಗುರುತು ಕೊರೆದ ಪುಲ್ಲಿಯ ಗಾಲಿಯನ್ನು ನಿಧಾನಕ್ಕೆ ತಿರುಗಿಸುತ್ತ ಹೋದರು. ಕಿಡಿ ಹತ್ತಬೇಕಾದ ಜಾಗಕ್ಕೆ ಗುರುತು ಬಂದಾಗ ಬಲ್ಬು ಉರಿಯಬೇಕು. ಅದು ಎಷ್ಟೋ ಮುಂಚೆಯೇ ಉರಿಯಿತು. ಸಾಬರು ತಲೆ ಎತ್ತಿ, 'ಸ್ಟಾರ್ಟರಿಗೆ ಏನೂ ಆಗಿಲ್ಲ ತಿಪ್ಪಣ್ಣ. ಟೈಮಿಂಗ್ ಇಷ್ಟು ಮುಂದೆ ಇಟ್ರೆ ಯಾವ ಸ್ಟಾರ್ಟರ್ ತಡೀತೈತೆ? ಯಾರು ಮುಟ್ಟಿದ್ರು ಇದನ್ನ?' ಎಂದು ಕೇಳಿದರು. ಅಪ್ಪ ಬಾನೆಟ್ಟಿನ ಅಂಚು ಒರೆಸುತ್ತ ನಿಂತ. ಸಾಬರು ಅದನ್ನು ಹಾಗೇ ಬಿಟ್ಟು, ನಮ್ಮಿಬ್ಬರನ್ನೂ ಕೂರಿಸಿಕೊಂಡು ತಾವೇ ಏರಿನ ರಸ್ತೆಗೆ ಗಾಡಿ ಓಡಿಸಿದರು. ಕಿಣಿಕಿಣಿ ಬಂತು.

"ಈ ಸದ್ದು ಕೇಳ್ತೈತಾ?"

"ಹ್ಞೂ, ಕೇಳ್ತೈತೆ," ಅಂದ ಅಪ್ಪ.

ಸಾಬರು ರಸ್ತೆ ಬದಿಗೆ ನಿಲ್ಲಿಸಿ, ಬಾನೆಟ್ಟು ಎತ್ತಿ ಟೈಮಿಂಗ್ ಸರಿಮಾಡಿ, ಮತ್ತೆ ಅದೇ ಏರು ಹತ್ತಿಸಿದರು. ಈಗ ಒಳಗೆ ಏನೂ ಸದ್ದಿರಲಿಲ್ಲ.

"ಈಗ?"

"ಈಗ್ಲೂ ಕೇಳ್ತೈತಲ್ಲ. ಅದೇ ಸದ್ದು."

ಸಾಬರು ಗಾಡಿ ನಿಲ್ಲಿಸಿದರು. ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಆಮೇಲೆ ಅಪ್ಪನ ಕಡೆ ಪೂರ್ತಿ ತಿರುಗಿ, ಅವನ ಮಂಡಿಯ ಮೇಲೆ ಕೈ ಇಟ್ಟು, ತುಟಿ ಬಿಡಿಸಿ ಬಿಡಿಸಿ, 'ಯಾವಾಗಿಂದ?' ಎಂದರು. ಅಪ್ಪ ಕಿಟಕಿಯ ಆಚೆ ಮುಖ ಮಾಡಿದ. ಅವನ ಹೆಗಲು ಅಲ್ಲಾಡುತ್ತಿತ್ತು. ಅವ್ವ ಯಾಕೆ ಕಿರುಚುತ್ತಾಳೆ ಅನ್ನುವುದು ನನಗೆ ತಿಳಿದದ್ದು ಆ ರಸ್ತೆಯ ಬದಿಯಲ್ಲಿ. ಮನೆಗೆ ಬಂದು ಅವಳ ಸೆರಗು ಹಿಡಿದು ಕೇಳಿದಾಗ, ಮೊದಲು ನನ್ನ ಬಾಯಿಗೆ ಕೈ ಅಡ್ಡ ಇಟ್ಟು ಆಮೇಲೆ ಹೇಳಿದಳು.

"ಕಿವುಡನ ಗಾಡಿ ಯಾರು ಹತ್ತತಾರೆ ಅಂತ ಹೆದರಿದ್ರು ಕಣೇ. ತಮ್ಮನಿಗೂ ಹೇಳಬ್ಯಾಡ ಅಂತ ಆಣೆ ಹಾಕಿಸ್ಕೊಂಡ್ರು. ಅವನು ನಂಗೆ ಅಪ್ಪನ ಜಾಗ ಕೊಟ್ಟಾನೆ, ಅವನ ಮುಂದೆ ನಾನು ಕೈಲಾಗದೋನು ಆಗಲ್ಲ ಅಂದ್ರು."

ಅಪ್ಪ ಅವತ್ತಿನಿಂದ ಸ್ಟಿಯರಿಂಗ್ ಮುಟ್ಟಲಿಲ್ಲ. ಯಾರೂ ಬಿಡು ಅನ್ನಲಿಲ್ಲ, ತಾನೇ ಬಿಟ್ಟ. 'ಜನರ ಜೀವ ಕೂರಿಸ್ಕೊಂಡು ಹೋಗೋ ಕೆಲಸ' ಎಂದಷ್ಟೇ ಅಂದ. ಗಾಡಿಯನ್ನು ಹೊಸದುರ್ಗದವರೊಬ್ಬರು ಕೊಂಡುಹೋದರು. ಅಪ್ಪ ಪೇಟೆಯ ಗಿರಣಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಯ ಗದ್ದಲದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು, ಅವನಿಗೆ ಅದೇ ವಾಸಿ. ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ಅವ್ವನಿಂದ ಒಂದು ಡಬ್ಬಿ ಬೆಣ್ಣೆ ಕಟ್ಟಿಸಿಕೊಂಡು, 'ಹಿರಿಯೂರಿಗೆ ಹೋಗಿ ಬರ್ತೀನಿ. ಎಲ್ಲಾ ಹೇಳಿಬಿಡ್ತೀನಿ' ಎಂದು ಹೊರಟ. ಅವ್ವ ಅವತ್ತು ಹೋಳಿಗೆಗೆ ಬೇಳೆ ನೆನೆಹಾಕಿದಳು, ತಮ್ಮನನ್ನು ಜೊತೆಯಲ್ಲೇ ಕರೆತರುತ್ತಾನೆಂದು. ಹೊತ್ತು ಇಳಿಯುವಾಗ ಅಪ್ಪ ಒಬ್ಬನೇ ಬಂದ. ಬೆಣ್ಣೆಯ ಡಬ್ಬಿ ಕೈಯಲ್ಲೇ ಇತ್ತು.

"ಏನಂದ ಓಂಕಾರಿ?" ಎಂದು ಅವ್ವ ಕೂಗಿ ಕೇಳಿದಳು.

"ನನ್ನ ನೋಡಿದ. ಏನೋ ಅಂದ, ನಂಗೆ ಕೇಳ್ಲಿಲ್ಲ. ಬೆನ್ನು ತಿರುಗಿಸಿ ಒಳಗೆ ಹೋಗಿಬಿಟ್ಟ. ಬಿಸಿಲಲ್ಲಿ ನಿಂತಿದ್ದೆ, ನಿಂತಿದ್ದೆ. ಹೊರಗೆ ಬರ್ಲಿಲ್ಲ. ನನ್ನನ್ನ ಒಳಗೂ ಕರೀಲಿಲ್ಲ ಕಣೇ ಅವನು."

ಹೇಳುತ್ತ ಹೇಳುತ್ತ ಅಪ್ಪ ಕೊಟ್ಟಿಗೆಯ ಬರಿನೆಲದ ಮೇಲೆ ಕುಸಿದು ಕೂತು, ಮಗುವಿನ ಹಾಗೆ ಬಾಯಿ ತೆರೆದು ಅತ್ತ. ತನ್ನ ಅಳು ಎಷ್ಟು ಜೋರಾಗಿದೆ ಅನ್ನುವುದೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅವ್ವ ಬೀದಿಯ ಬಾಗಿಲು ಮುಚ್ಚಿ, ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ನಾನೇ ಹೋಗಿ ಮಾತಾಡ್ತೀನಿ ಎಂದು ಅವಳು ಎಷ್ಟೋ ಸಲ ಅಂದಳು. ಅಪ್ಪ ಬಿಡಲಿಲ್ಲ. ಒಮ್ಮೆ ಹೋಗಿ ಬಂದ ಬಾಗಿಲಿಗೆ ಮತ್ತೆ ಹೋಗುವುದು ಬೇಡ ಅನ್ನುತ್ತಿದ್ದ.

ನಾನು ದುರ್ಗದಲ್ಲಿ ಕಾಲೇಜು ಓದುತ್ತಿದ್ದಾಗ ಅಪ್ಪ ತೀರಿಕೊಂಡ. ಜ್ವರ ಎದೆಗೆ ಇಳಿದಿತ್ತು. ಕೊನೆಯ ದಿನಗಳಲ್ಲಿ ನಾವು ಅವನ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆದು ಮಾತಾಡುತ್ತಿದ್ದೆವು. ಇವತ್ತಿಗೂ ನಾನು ಯಾರೊಡನೆಯೂ ಬೆನ್ನು ಮಾಡಿ ಮಾತಾಡಲಾರೆ. ಅಡುಗೆ ಮಾಡುತ್ತಿದ್ದರೂ ಸೌಟು ಕೆಳಗಿಟ್ಟು ತಿರುಗುತ್ತೇನೆ. ನನ್ನ ಮಕ್ಕಳಿಗೆ ಅದೊಂದು ತಮಾಷೆ.

ಮಣ್ಣಿನ ದಿನ ಚಿಕ್ಕಪ್ಪ ಬಂದ. ಈ ಸಲ ಬಸ್ಸು ಹತ್ತಲಿಲ್ಲ. ಎಲ್ಲರೂ ಹೋದ ಮೇಲೆ ನಡುಮನೆಗೆ ಬಂದು ಕಂಬಕ್ಕೆ ಒರಗಿ ಕೂತ. ಅವ್ವ ಅವನೆದುರು ಕೂತು, ಆಣೆ ಹಾಕಿಸಿಕೊಂಡವನು ಇನ್ನಿಲ್ಲ ಎಂದು, ಎಲ್ಲವನ್ನೂ ಹೇಳಿದಳು. ಕಿಣಿಕಿಣಿ, ಆಫ್, ಆನ್, ಗ್ಯಾರೇಜು, ಎಲ್ಲ. ಕಿವಿ ಮಂದವಾಗಿದೆ ಎಂದು ಚಿಕ್ಕಪ್ಪ ಯಾರಿಂದಲೋ ಕೇಳಿದ್ದನಂತೆ. ವಯಸ್ಸಿಗೆ ಬಂದದ್ದಿರಬೇಕು ಅಂದುಕೊಂಡಿದ್ದನಂತೆ. ಕೈ ಮುರಿದ ಆ ಮಧ್ಯಾಹ್ನಕ್ಕೂ ಅದಕ್ಕೂ ಗಂಟು ಹಾಕಿರಲಿಲ್ಲ. ಕೇಳುತ್ತ ಕೇಳುತ್ತ ಅವನ ಮುಖದ ಬಣ್ಣವೇ ಇಳಿದು ಹೋಯಿತು.

"ಅಂಗಡಿ ಹತ್ರ ಬಂದಿದ್ದ ಅತ್ಗೆಮ್ಮ," ಅಂದ. "ಒಂದು ದಿನ ಬಂದಿದ್ದ. ಬಿಸಿಲಲ್ಲಿ ನಿಂತಿದ್ದ. ನಂಗೆ ಏನು ಮಾಡ್ಬೇಕೋ ತಿಳೀಲಿಲ್ಲ. 'ಬಾ ಅಣ್ಣಾ, ಒಳಗ್ ಬಾ, ಕುಂತ್ಕ' ಅಂದೆ. ಒಳಗೆ ಕುರ್ಚಿ ಮೇಲೆಲ್ಲ ಬಣ್ಣದ ಡಬ್ಬ ಇದ್ವು. ಅದನ್ನ ತೆಗೆದು, ಒರೆಸಿ, ಪಕ್ಕದ ಹೋಟ್ಲಿಗೆ ಟೀ ಹೇಳೋಕೆ ಹಿಂದಿನ ಬಾಗ್ಲಿಂದ ಹೋದೆ. ಬಂದು ನೋಡಿದ್ರೆ ಅವನಿಲ್ಲ. ಕರೆದ್ರೂ ಬರ್ಲಿಲ್ಲ ಅಂದ್ಕೊಂಡೆ. ಇಷ್ಟು ವರ್ಷ ಅದನ್ನೇ ಅಂದ್ಕೊಂಡೆ. ಕರೆದ್ರೂ ಬರ್ಲಿಲ್ಲ ನಮ್ಮಣ್ಣ ಅಂತ."

ಒಳಗೆ ದೀಪದ ಬತ್ತಿ ಸರಿಮಾಡಲು ನಾನು ಎದ್ದೆ, ಮತ್ತೆ ಕೂತೆ.

"ಊರಿಗೆ ಬಂದು ಏನಂದ ಅತ್ಗೆಮ್ಮ? ಅವತ್ತು ಏನಾದ್ರೂ ಅಂದನಾ?"

ಅವ್ವ ನನ್ನ ಕಡೆ ನೋಡಲಿಲ್ಲ. ಅವನ ಸೊಟ್ಟ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಗ್ತಾ ಬಂದ್ರು ಕಣಪ್ಪ," ಅಂದಳು. "ಓಂಕಾರಿ ಒಳಗೆ ಕರೆದ ಕಣೇ, ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೆ ಹಂಗೇ ಬಂದುಬಿಟ್ಟೆ ಅಂದ್ರು. ಅವತ್ತು ಹೊಟ್ಟೆತುಂಬ ಉಂಡ್ರು."